ಕರಡಿಯ ಮಡಿ

ಕೆನಡಾದ ಒಂದು ಡಾಲರ್ ನಾಣ್ಯದ ಮೇಲೆ ಲೂನ್ ಎಂಬ ನೀರುಹಕ್ಕಿಯ ಚಿತ್ರವಿದೆ. ನ್ಯಾಯವಾಗಿ ಅಲ್ಲಿ ಇರಬೇಕಾಗಿದ್ದದ್ದು ದೋಣಿ. 1935ರಿಂದ ಇಲ್ಲಿನ ಬೆಳ್ಳಿ ಡಾಲರಿನ ಮೇಲೆ ತುಪ್ಪಳ ಸಾಗಿಸುವ ಆಳೊಬ್ಬ, ಮೂಲನಿವಾಸಿಯೊಬ್ಬ ಕೂತು ಹುಟ್ಟು ಹಾಕುತ್ತಿರುವ ಕೆನೂ ದೋಣಿ ಇತ್ತು. ಒಂದು ಡಾಲರಿನ ನೋಟು ತೆಗೆದು ಹೊಸ ನಾಣ್ಯ ತರಲು ಹೊರಟಾಗಲೂ ಅದೇ ಚಿತ್ರವೆಂದು ತೀರ್ಮಾನವಾಗಿತ್ತು. 1986ರಲ್ಲಿ ಅದರ ಅಚ್ಚನ್ನು ಆಟವಾದಿಂದ ವಿನಿಪೆಗ್‌ನ ಟಂಕಸಾಲೆಗೆ ಕಳಿಸಿದರೆ ಅದು ದಾರಿಯಲ್ಲೇ ಕಳೆದುಹೋಯಿತು. ಯಾರ ಕೈಗಾದರೂ ಸಿಕ್ಕಿ ಖೋಟಾ ನಾಣ್ಯ ಶುರುವಾದರೆ ಕಷ್ಟ ಎಂದು ಚಿತ್ರವನ್ನೇ ಬದಲಾಯಿಸಿದರು; 1987ರಲ್ಲಿ ಹೊರಬಂದ ನಾಣ್ಯದಲ್ಲಿ ದೋಣಿ ಹೋಗಿ ಹಕ್ಕಿ ಬಂದಿತ್ತು. ಊರಿಂದ ಬಂದಿದ್ದ ಅತ್ತೆಗೆ ಈ ಕತೆ ಹೇಳಿದೆ. ಅವರು ನಾಣ್ಯವನ್ನು ತಿರುಗಿಸಿ ತಿರುಗಿಸಿ ನೋಡಿ, "ಹಾಸನದಿಂದ ನಾನು ಕಳಿಸಿದ ಮಿಡಿ ಉಪ್ಪಿನಕಾಯಿ ಸಮುದ್ರ ದಾಟಿ ನಿಮ್ಮನೆ ಮುಟ್ತು. ಇವರಿಗೆ ಒಂದೂರಿಂದ ಇನ್ನೊಂದೂರಿಗೆ ಅಚ್ಚು ಕಳಿಸಕ್ಕೆ ಬರಲಿಲ್ವೇನೇ?" ಎಂದರು. ಕೆನಡಾ ಸರ್ಕಾರದ ಪರವಾಗಿ ಉತ್ತರ ಕೊಡುವ ಕೆಲಸ ನನ್ನದಲ್ಲ, ಸುಮ್ಮನಾದೆ.

ನಾಣ್ಯದಿಂದ ಇಳಿದರೂ ದೋಣಿ ಇಲ್ಲಿಯವರ ಮನಸ್ಸಿನಿಂದ ಇಳಿದಿಲ್ಲ. ಪೀಟರ್‌ಬರೋ ಎಂಬ ಊರಿನಲ್ಲಿ ಕೆನೂಗಳಿಗೆಂದೇ ಒಂದು ಮ್ಯೂಸಿಯಂ ಇದೆ, 600ಕ್ಕೂ ಹೆಚ್ಚು ದೋಣಿಗಳು ಅಲ್ಲಿ ನಿವೃತ್ತಿ ಜೀವನ ನಡೆಸುತ್ತಿವೆ. ಪೌರತ್ವದ ಪರೀಕ್ಷೆಯಲ್ಲಿ ಪ್ರಾಂತ್ಯಗಳೆಷ್ಟು, ಪ್ರಧಾನಿ ಯಾರು ಎಂದು ಕೇಳಿ ಪಾಸು ಮಾಡಿಬಿಡುತ್ತಾರೆ. ನಿಜವಾದ ಪರೀಕ್ಷೆ ನಡೆಯುವುದು ಆಫೀಸಿನ ಊಟದ ಕೋಣೆಯಲ್ಲಿ. "ಇಷ್ಟು ವರ್ಷದಿಂದ ಇಲ್ಲಿದ್ದೀರಿ, ಒಮ್ಮೆಯೂ ಕೆನೂ ಕ್ಯಾಂಪಿಂಗ್ ಹೋಗಿಲ್ಲವಾ?" ಎಂದು ಯಾರೋ ನಮ್ಮವರನ್ನು ಕೇಳಿದರಂತೆ. ಅವರ ಪುಣ್ಯಕ್ಕೆ ಕೇಳಿದವರು ಮರೆತುಬಿಟ್ಟರು. ನಮ್ಮ ಪಾಪಕ್ಕೆ ಇವರು ಮರೆಯಲಿಲ್ಲ. ಅಂದಿನಿಂದ ರಾತ್ರಿಯ ಊಟವಾದ ಮೇಲೆ ಮನೆಯಲ್ಲಿ ಹುಟ್ಟು ಹಿಡಿಯುವ ಬಗೆಯ ವಿಡಿಯೋಗಳು ಓಡತೊಡಗಿದವು. ಮುಂದೆ ಪ್ರಧಾನಿಯಾದ ಪಿಯರ್ ಟ್ರೂಡೊ ಎಳೆಯ ವಯಸ್ಸಿನಲ್ಲಿ, 1944ರಲ್ಲಿ, ಕೆನೂ ಪ್ರಯಾಣ ಎಂಥ ತಪಸ್ಸು ಎಂಬುದರ ಮೇಲೆ ಒಂದು ಪ್ರಬಂಧ ಬರೆದಿದ್ದಾರೆಂದು ಪತ್ತೆ ಹಚ್ಚಿ, ಅದರ ಸಾರಾಂಶವನ್ನು ನಾನು ಪಾತ್ರೆ ತೊಳೆಯುವಾಗ ಪಕ್ಕದಲ್ಲಿ ನಿಂತು ಹೇಳಿದರು. ತಪಸ್ಸಿನ ಮಾತಾಡುವವರು ಪಾತ್ರೆ ಒರೆಸಬಹುದಿತ್ತು.

ಕಾಡಿಗೆ ಹೋಗುವುದೆಂದರೆ ಹೊರಟುಬಿಡುವುದು ಎಂದು ತಿಳಿದಿದ್ದೆ. ಇಲ್ಲಿ ಅರಣ್ಯವಾಸಕ್ಕೂ ಐದು ತಿಂಗಳ ಮುಂಚೆ ಮುಂಗಡ ಕಾಯ್ದಿರಿಸಬೇಕು. ಹೊರಗೆ ಮಂಡಿಮಟ್ಟ ಹಿಮ ಬಿದ್ದಿದ್ದ ಒಂದು ಮಾರ್ಚ್ ಬೆಳಿಗ್ಗೆ, ಏಳು ಗಂಟೆಗೆ ಸರಿಯಾಗಿ, ಆಗಸ್ಟ್ ತಿಂಗಳಿಗೆ ಅಲ್ಗಾಂಕ್ವಿನ್ ಪಾರ್ಕಿನ ಒಂದು ಕೆರೆ ನಮ್ಮ ಹೆಸರಿಗಾಯಿತು. ಕೆರೆ ಎಂದರೆ ಪೂರ್ತಿ ಕೆರೆಯಲ್ಲ. ಆ ಕೆರೆಯ ದಂಡೆಯಲ್ಲಿ ಕಿತ್ತಲೆ ಬಣ್ಣದ ಫಲಕ ಹೊಡೆದಿರುವ ಬಿಡಾರಗಳಲ್ಲಿ ಯಾವುದು ಖಾಲಿ ಇದೆಯೋ ಅದರಲ್ಲಿ ಇಳಿದುಕೊಳ್ಳುವ ಹಕ್ಕು, ಅಷ್ಟೆ. ಮೊದಲು ಹೋದವರಿಗೆ ಒಳ್ಳೆಯ ಜಾಗ.

ಅಲ್ಗಾಂಕ್ವಿನ್ ಇರುವುದು ಟೊರಾಂಟೊದಿಂದ ಉತ್ತರಕ್ಕೆ, ಕಾರಿನಲ್ಲಿ ಮೂರು ಗಂಟೆಯ ದಾರಿ. ಸ್ಥಾಪನೆಯಾದದ್ದು 1893ರಲ್ಲಿ. ವಿಸ್ತೀರ್ಣ 7,600 ಚದರ ಕಿಲೋಮೀಟರಿಗೂ ಹೆಚ್ಚು. ಅತ್ತೆಗೆ ಅರ್ಥವಾಗಲೆಂದು, "ಇಡೀ ಹಾಸನ ಜಿಲ್ಲೆಗಿಂತ ದೊಡ್ಡದು ಅಜ್ಜಿ" ಎಂದು ಮೊಮ್ಮಗಳು ವಿವರಿಸಿದಳು. "ಅಷ್ಟರೊಳಗೆ ಎಷ್ಟು ಊರು?" ಎಂದರು ಅತ್ತೆ. ಊರಿಲ್ಲ. ಅಗಲಕ್ಕೆ ಒಂದೇ ಒಂದು ಹೆದ್ದಾರಿ ದಕ್ಷಿಣದ ಮೂಲೆಯಲ್ಲಿ ಹಾದುಹೋಗುತ್ತದೆ. ಉಳಿದದ್ದೆಲ್ಲ ಸಾವಿರಾರು ಕೆರೆ, ಕಾಡು, ಅವುಗಳ ನಡುವೆ 2,000 ಕಿಲೋಮೀಟರಿಗೂ ಮೀರಿದ ದೋಣಿದಾರಿ. ಅನಾದಿ ಕಾಡು ಎಂದು ಹೇಳುವಂತೆಯೂ ಇಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿನ ಬಿಳಿ ಪೈನ್ ಮರಗಳನ್ನು ಕಡಿದು ಬ್ರಿಟನ್ನಿಗೆ ಸಾಗಿಸಿದ್ದಾರೆ. ಪಾರ್ಕಿನ ದೊಡ್ಡ ಭಾಗದಲ್ಲಿ ಈಗಲೂ ಮರ ಕಡಿಯುವ ಕೆಲಸ ನಡೆದೇ ಇದೆ, ದೋಣಿಯವರ ಕಣ್ಣಿಗೆ ಬೀಳದ ಹಾಗೆ. ಯಾವ ಜನರ ಹೆಸರನ್ನು ಪಾರ್ಕಿಗೆ ಇಟ್ಟುಕೊಂಡಿದ್ದಾರೋ ಆ ಅಲ್ಗಾಂಕ್ವಿನ್ ಜನ ಈ ನೆಲ ತಮ್ಮದೆಂದು ಇಂದಿಗೂ ಸರ್ಕಾರದೊಂದಿಗೆ ಮಾತುಕತೆಯಲ್ಲಿದ್ದಾರೆ. ಅದರ ತಾತ್ವಿಕ ಒಪ್ಪಂದಕ್ಕೆ ಸಹಿ ಬಿದ್ದದ್ದೇ 2016ರಲ್ಲಿ. ನಾವು ಕ್ರೆಡಿಟ್ ಕಾರ್ಡಿನಲ್ಲಿ ಬಾಡಿಗೆ ಕಟ್ಟಿದ ದಂಡೆ ಯಾರದ್ದು ಎಂಬ ಪ್ರಶ್ನೆ ಹಾಗೇ ಇದೆ ಎಂದಾಯಿತು.

ಅತ್ತೆಯನ್ನು ಕರೆದುಕೊಂಡು ಹೋಗುವ ಯೋಚನೆ ಯಾರಿಗೂ ಇರಲಿಲ್ಲ. ಅವರ ಹುಟ್ಟೂರು ಹೊಳೆನರಸೀಪುರದ ಹತ್ತಿರ, ಹೇಮಾವತಿಯ ದಡದಲ್ಲಿ. ಆದರೂ ಜೀವಮಾನದಲ್ಲಿ ನೀರಿನ ಮೇಲೆ ಕೂತದ್ದು ತಲಕಾಡಿಗೆ ಹೋದಾಗ ಹರಿಗೋಲಿನಲ್ಲಿ ಮಾತ್ರ. ಅವರ ಸ್ನೇಹಿತೆಯ ಮನೆಯಲ್ಲಿ ಬಿಟ್ಟು ಹೋಗುವುದೆಂದು ನಾವು ಪಿಸುಮಾತಿನಲ್ಲಿ ವ್ಯವಸ್ಥೆ ಮಾಡುತ್ತಿದ್ದರೆ ಅವರು ಅಡುಗೆಮನೆಯಲ್ಲಿ ರವೆ ಹುರಿಯುತ್ತಿದ್ದರು. "ಯಾಕಮ್ಮ ಇಷ್ಟೊಂದು ರವೆ?" ಎಂದರು ನಮ್ಮವರು. "ಕಾಡಿಗೆ ಕಣೋ. ಐದು ಜನಕ್ಕೆ ಬೇಡ್ವೇನೋ?" ಲೆಕ್ಕ ಅಲ್ಲಿಗೆ ಇತ್ಯರ್ಥವಾಯಿತು.

ಅಡುಗೆಯ ವಿಷಯ ಬಂದಾಗ ಒಂದು ಮಾತು ಹೇಳಲೇಬೇಕು. ಕ್ಯಾಂಪಿಂಗ್ ಅಂಗಡಿಗಳಲ್ಲಿ ಒಣಗಿಸಿದ ಊಟದ ಪೊಟ್ಟಣ ಮಾರುತ್ತಾರೆ. ಬಿಸಿನೀರು ಹಾಕಿ, ಬಾಯಿ ಮುಚ್ಚಿ, ಹತ್ತು ನಿಮಿಷ ಬಿಟ್ಟರೆ ಊಟ. ಬೆಲೆ ಕೇಳಿದರೆ ಹಸಿವು ಹೋಗುತ್ತದೆ. ಅತ್ತೆ ಒಂದು ಪೊಟ್ಟಣವನ್ನು ಅಲುಗಾಡಿಸಿ ನೋಡಿ ವಾಪಸಿಟ್ಟರು. ಆಮೇಲೆ ನಮ್ಮ ಚೀಲಕ್ಕೆ ಬಿದ್ದವು: ಗೊಜ್ಜವಲಕ್ಕಿ, ಒಗ್ಗರಣೆ ಸಮೇತ ಹುರಿದ ಉಪ್ಪಿಟ್ಟಿನ ರವೆ, ಪುಳಿಯೋಗರೆ ಗೊಜ್ಜು, ಮೆಂತ್ಯದ ಹಿಟ್ಟು, ಹುರಿಹಿಟ್ಟು, ಚಟ್ನಿಪುಡಿ, ಕೋಡುಬಳೆ. ಎಲ್ಲವೂ ಹಗುರ, ಎಲ್ಲವೂ ಒಣ, ಯಾವುದೂ ಕೆಡುವಂಥದ್ದಲ್ಲ. ತೀರ್ಥಯಾತ್ರೆಗೆ ಕಾಲ್ನಡಿಗೆಯಲ್ಲಿ ಹೋಗುತ್ತಿದ್ದ ನಮ್ಮ ಹಿರಿಯರು ಸಂಶೋಧನೆ ಮುಗಿಸಿಟ್ಟಿದ್ದ ವಿಷಯವಿದು. ಪಾರ್ಕಿನ ಒಳಭಾಗಕ್ಕೆ ತಗಡಿನ ಡಬ್ಬಿ, ಗಾಜಿನ ಬಾಟಲಿ ಒಯ್ಯುವಂತಿಲ್ಲ ಎಂಬ ನಿಯಮವಿರುವುದರಿಂದ ಉಪ್ಪಿನಕಾಯಿ ಗಾಜಿನ ಜಾಡಿಯಿಂದ ಸ್ಟೀಲ್ ಡಬ್ಬಕ್ಕೆ ವರ್ಗವಾಯಿತು. "ಸ್ಟೀಲು ಎಸೆಯೋ ಡಬ್ಬಿ ಅಲ್ವಲ್ಲ" ಎಂದು ಮಗ ನಿಯಮಕ್ಕೆ ಭಾಷ್ಯ ಬರೆದ.

ಹೊರಡುವ ಹಿಂದಿನ ದಿನ ಇದೇ ಮಗ ಪಾರ್ಕಿನವರ ಸೂಚನೆಗಳನ್ನೆಲ್ಲ ಕನ್ನಡಕ್ಕೆ ತಿರುಗಿಸುತ್ತಾ ಅಜ್ಜಿಗೆ ಓದಿ ಹೇಳಿದ. ಕೆರೆಯ ನೀರಿಗೆ ಸೋಪು ತಾಗಿಸಬಾರದು. ಪಾತ್ರೆ ತೊಳೆಯುವುದು, ಬಾಯಿ ಮುಕ್ಕಳಿಸುವುದು ನೀರಿನಿಂದ ದೂರ, ನೆಲದ ಮೇಲೆ. ಉಣ್ಣುವ ಪದಾರ್ಥ ಮಲಗುವ ಡೇರೆಯೊಳಗೆ ಬರಕೂಡದು. ಅಡುಗೆ ಮಾಡಿದ ಬಟ್ಟೆಯಲ್ಲಿ ಮಲಗಕೂಡದು. ಅನ್ನದ ಒಂದು ಅಗುಳೂ ನೆಲದ ಮೇಲೆ ಬಿದ್ದಿರಕೂಡದು. ನಿಂತ ಮರ ಮುಟ್ಟಬಾರದು, ತಾನಾಗಿ ಬಿದ್ದ ಒಣ ಸೌದೆ ಮಾತ್ರ. ಎಲ್ಲ ಕರಡಿಯ ಭಯಕ್ಕೆ, ಇಲ್ಲವೇ ನೀರಿನ ಮರ್ಯಾದೆಗೆ. ಮಕ್ಕಳು ಪ್ರತಿ ನಿಯಮಕ್ಕೂ ನಿಟ್ಟುಸಿರು ಬಿಟ್ಟರು. ನಮ್ಮವರು ಎಲ್ಲವನ್ನೂ ಎಕ್ಸೆಲ್ ಹಾಳೆಗೆ ಹಾಕಿದರು. ಅತ್ತೆ ಮಾತ್ರ, ಇದರಲ್ಲಿ ಓದಿ ಹೇಳುವಂಥದ್ದೇನಿದೆ ಎಂಬ ಮುಖ ಮಾಡಿ ಕೂತಿದ್ದರು. ಕಡೆಗೆ "ಮಡಿ ಅಂತ ಒಂದು ಮಾತಲ್ಲಿ ಹೇಳೋ, ಮುಗೀತಲ್ಲ" ಎಂದು ಎದ್ದು ಹೋದರು.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾನು ಆ ಮನೆಗೆ ಸೊಸೆಯಾಗಿ ಹೋದಾಗ ಅಜ್ಜಿಯತ್ತೆ ಇನ್ನೂ ಇದ್ದರು. ಮುಸುರೆ ಕೈಯಲ್ಲಿ ನೀರಿನ ಕೊಳದಪ್ಪಲೆ ಮುಟ್ಟಿದ್ದಕ್ಕೆ, ಅಡುಗೆಮನೆಯ ಸೀರೆಯಲ್ಲಿ ನಡುಮನೆಗೆ ಬಂದದ್ದಕ್ಕೆ, ಎಷ್ಟು ಸಲ ಅನ್ನಿಸಿಕೊಂಡೆನೋ. ವೀಸಾ ಬಂದ ದಿನ ಮನಸ್ಸಿನೊಳಗೆ ಕುಣಿದದ್ದರಲ್ಲಿ ಮಡಿಯ ಪಾಲು ಇತ್ತು. ಈಗ ಹದಿಮೂರು ಸಾವಿರ ಕಿಲೋಮೀಟರ್ ಆಚೆ, ದುಡ್ಡು ಕೊಟ್ಟು, ರಜೆ ಹಾಕಿ, ಅದೇ ಮಡಿ ಆಚರಿಸಲು ಹೊರಟಿದ್ದೆ. ವ್ಯತ್ಯಾಸವಿಲ್ಲವೆಂದಲ್ಲ. ಅಜ್ಜಿಯತ್ತೆಯ ಮಡಿಯಲ್ಲಿ ಕೆಲವರು ಹಿತ್ತಿಲ ಬಾಗಿಲಿಂದಾಚೆಗೇ ನಿಲ್ಲಬೇಕಿತ್ತು. ಕರಡಿ ಗೋತ್ರ ಕೇಳುವುದಿಲ್ಲ. ಅದರ ಮುಂದೆ ಚಟ್ನಿಪುಡಿ ಮೆತ್ತಿದ ಕೈಯವರೆಲ್ಲ ಒಂದೇ ಜಾತಿ.

ಹಂಟ್ಸ್‌ವಿಲ್ ದಾಟಿ ಪಾರ್ಕಿನ ಪಡುವಣ ಬಾಗಿಲು ಹೊಕ್ಕು, ಕೆನೂ ಲೇಕ್ ಎಂಬ ಹೆಸರಿನ ಕೆರೆಯ ದಂಡೆಗೆ ಬಂದೆವು. ಬಾಡಿಗೆಯ ಎರಡು ದೋಣಿ ನಮಗಾಗಿ ಕಾದಿದ್ದವು. ಗಂಡ ಹೆಂಡತಿ ಒಂದೇ ದೋಣಿಯಲ್ಲಿ ಕೂರುವುದು ಬೇಡವೆಂದು ದೋಣಿ ಕೊಟ್ಟ ಹುಡುಗನೇ ಹೇಳಿದ. ಇಪ್ಪತ್ತು ದಾಟಿರದ ಹುಡುಗ. ಆದರೆ ಬೇಸಿಗೆಯುದ್ದಕ್ಕೂ ಆ ಕಟ್ಟೆಯ ಮೇಲೆ ನಿಂತು ಸಂಸಾರಗಳನ್ನು ನೋಡಿದ ಅನುಭವ ಅವನ ದನಿಯಲ್ಲಿತ್ತು. ಹಿಂದೆ ಕೂತವರು ದಿಕ್ಕು ನೋಡಬೇಕು, ಮುಂದೆ ಕೂತವರು ಬಲ ಹಾಕಬೇಕು, ಹತ್ತುವಾಗ ಮೈ ಬಗ್ಗಿಸಿ ಎರಡೂ ಅಂಚು ಹಿಡಿದು ನಡುವೆಯೇ ಕಾಲಿಡಬೇಕು ಎಂದು ಹತ್ತು ನಿಮಿಷದಲ್ಲಿ ಪಾಠ ಮುಗಿಸಿದ. ಒಂದು ದೋಣಿಯ ಹಿಂದೆ ನಮ್ಮವರು, ಮುಂದೆ ಮಗಳು, ನಡುವೆ ಜೀವರಕ್ಷಕ ಕವಚ ತೊಟ್ಟು, ಅದರ ಮೇಲೆ ಸೆರಗು ಸರಿಮಾಡಿಕೊಂಡ ಅತ್ತೆ. ಇನ್ನೊಂದರಲ್ಲಿ ಹಿಂದೆ ನಾನು, ಮುಂದೆ ಮಗ, ನಡುವೆ ಅಡುಗೆಮನೆ.

ಹಿಂದೆ ಕೂತವರು ಒಂದೇ ಪಕ್ಕ ಹುಟ್ಟು ಹಾಕುತ್ತಿದ್ದರೆ ದೋಣಿಯ ಮೂತಿ ಇನ್ನೊಂದು ಪಕ್ಕಕ್ಕೆ ತಿರುಗುತ್ತದೆ. ಅದನ್ನು ತಡೆಯಲು ಪ್ರತಿ ಎಳೆತದ ಕೊನೆಗೆ ಹುಟ್ಟನ್ನು ಸ್ವಲ್ಪ ಹೊರಳಿಸಿ ನೀರನ್ನು ಹೊರಕ್ಕೆ ದೂಡಬೇಕು. ನೀರಿನಲ್ಲಿ ಜೆ ಅಕ್ಷರ ಬರೆದಂತೆ ಬರುವುದರಿಂದ ಅದಕ್ಕೆ ಜೆ ಎಳೆತವೆಂದೇ ಹೆಸರು. ನಮ್ಮವರು ಚಳಿಗಾಲವಿಡೀ ವಿಡಿಯೋದಲ್ಲಿ ಕಲಿತದ್ದು ಇದನ್ನೇ. ಆದರೆ ಗಾಳಿ ಆ ವಿಡಿಯೋ ನೋಡಿರಲಿಲ್ಲ. ಅವರ ದೋಣಿ ಎಡದಂಡೆಯ ಪೊದೆಯನ್ನು ವಿಚಾರಿಸಿಕೊಂಡು, ಬಲದಂಡೆಯ ಬಂಡೆಯನ್ನು ಮಾತಾಡಿಸಿಕೊಂಡು ಸಾಗಿತು. ಅಲ್ಲಿನ ಮಕ್ಕಳ ಬೇಸಿಗೆ ಶಿಬಿರದವರ ದೋಣಿಸಾಲು ನಮ್ಮನ್ನು ದಾಟಿ ಹಾಡುತ್ತಾ ಹೋಯಿತು. ಹತ್ತು ಹನ್ನೊಂದು ವರ್ಷದ ಹುಡುಗಿಯರು, ಒಬ್ಬಳಾದರೂ ಹುಟ್ಟಿನ ಕಡೆ ನೋಡುತ್ತಿರಲಿಲ್ಲ. "ಅವರು ದಿನಾ ಮಾಡ್ತಾರೆ" ಎಂದರು ನಮ್ಮವರು, ಯಾರೂ ಕೇಳದಿದ್ದರೂ.

ಕೆನೂ ಲೇಕ್ ಕೆನಡಾದವರಿಗೆ ಒಂದು ಸಾವಿನ ಕತೆಯಿಂದ ಚಿರಪರಿಚಿತ. ಟಾಮ್ ಥಾಮ್ಸನ್ ಎಂಬ ಚಿತ್ರಗಾರ 1912ರಲ್ಲಿ ಮೊದಲ ಸಲ ಇಲ್ಲಿಗೆ ಬಂದ. ಮುಂದಿನ ವರ್ಷಗಳಲ್ಲಿ ದೋಣಿಯಲ್ಲೇ ಸುತ್ತಿ ಬಂಡೆ, ಪೈನ್ ಮರ, ಗಾಳಿ, ನೀರು ಬರೆದ. ಆ ಚಿತ್ರಗಳು ಈಗ ಇಲ್ಲಿನ ಶಾಲೆಪುಸ್ತಕದಲ್ಲಿವೆ. 1917ರ ಜುಲೈಯಲ್ಲಿ ಅವನ ದೋಣಿ ಮಗುಚಿ ತೇಲುತ್ತಿರುವುದು ಕಂಡಿತು, ಎಂಟು ದಿನದ ಮೇಲೆ ಹೆಣ ಸಿಕ್ಕಿತು. ವಯಸ್ಸು ಮೂವತ್ತೊಂಬತ್ತು. ಮುಳುಗಿ ಸತ್ತನೆಂದು ದಾಖಲೆ, ಯಾರೋ ಕೊಂದರೆಂದು ಗುಮಾನಿ. ಕೆರೆಯ ದಂಡೆಯಲ್ಲಿ ಹೂತರು, ಆಮೇಲೆ ಮನೆಯವರು ಶವಪೆಟ್ಟಿಗೆ ತೆಗೆಸಿ ಲೀತ್ ಎಂಬ ಊರಿಗೆ ಒಯ್ದರು. ಒಯ್ದ ಪೆಟ್ಟಿಗೆಯಲ್ಲಿ ಅವನು ಇದ್ದನೋ ಇಲ್ಲವೋ ಎಂಬ ಜಗಳ ಇನ್ನೂ ಮುಗಿದಿಲ್ಲ. 1956ರಲ್ಲಿ ಕೆಲವರು ಹಳೆಯ ಗುಂಡಿ ಅಗೆದಾಗ ಅಸ್ಥಿಪಂಜರ ಸಿಕ್ಕಿತು, ಅದು ಅವನದಲ್ಲವೆಂದು ಸರ್ಕಾರ ಹೇಳಿತು. ಮಗಳು ಇದನ್ನೆಲ್ಲ ಮುಂದೆ ಕೂತು ಹೇಳುತ್ತಾ ಹೋದಳು. ದೋಣಿ ಅಲುಗಾಡುವ ಭಯವನ್ನೇ ಮರೆತು ಕೇಳಿದ ಅತ್ತೆ, "ಮದುವೆ ಆಗಿತ್ತಾ?" ಎಂದರು. ಇಲ್ಲ, ಅಲ್ಲೇ ಒಬ್ಬಳ ಹೆಸರು ಕೇಳಿಬರುತ್ತದೆ ಎಂದಳು ಮಗಳು. "ಹಾಗನ್ನು ಮತ್ತೆ" ಎಂದು ಅತ್ತೆ ನೂರು ವರ್ಷದ ತನಿಖೆಗೆ ತೆರೆ ಎಳೆದರು. ಆದರೆ ನಾವು ಇಳಿದುಕೊಳ್ಳುವ ಕೆರೆಯ ಹೆಸರೇ ಟಾಮ್ ಥಾಮ್ಸನ್ ಎಂದು ತಿಳಿದಾಗ ತಮ್ಮ ಮಗನ ಕಡೆ ತಿರುಗಿ ಒಂದು ನೋಟ ನೋಡಿದರು. ದೋಣಿ ಇನ್ನಷ್ಟು ಎಡಕ್ಕೆ ಹೋಯಿತು.

ಕೆರೆಯ ಕೊನೆಯಲ್ಲಿ ಪೋರ್ಟೇಜ್. ಒಂದು ಕೆರೆಯಿಂದ ಮುಂದಿನ ಕೆರೆಗೆ ನೀರಿನ ದಾರಿ ಇಲ್ಲದಲ್ಲಿ ದೋಣಿಯನ್ನೂ ಗಂಟುಮೂಟೆಯನ್ನೂ ಹೊತ್ತು ನಡೆಯಬೇಕು. ಎಷ್ಟು ದೂರ ಎಂದು ಹಳದಿ ಫಲಕದ ಮೇಲೆ ಮೀಟರಿನಲ್ಲಿ ಬರೆದಿರುತ್ತದೆ. ನಮ್ಮದು 295 ಮೀಟರ್. ಬಲ್ಲವರು ಇದನ್ನು ಪೋರ್ಟೇಜ್ ಎಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಷ್ಟು ಅಗಲ, ಅಷ್ಟು ಸಪಾಟು. ಆದರೆ ಸಂಸಾರಸ್ಥರ ಗಣಿತ ಬೇರೆ. ಒಂದೇ ಸಲಕ್ಕೆ ಹೊರಲಾಗದೆ ಮೂರು ಸಲ ಹೊತ್ತರೆ, ಖಾಲಿ ಕೈಯಲ್ಲಿ ಹಿಂದಿರುಗುವುದೂ ಸೇರಿ ಐದು ಸಲ ನಡೆದ ಹಾಗೆ. ಸುಮಾರು ಒಂದೂವರೆ ಕಿಲೋಮೀಟರ್ ಎಂದು ಮಗ ಮುಂಚೆಯೇ ಲೆಕ್ಕ ಹಾಕಿ ಹೇಳಿದ್ದು ನಮಗೆ ಹುರುಪು ತರಲಿಲ್ಲ. ತುಪ್ಪಳದ ಕಾಲದ ಆಳುಗಳು ತಲಾ 90 ಪೌಂಡಿನ, ಅಂದರೆ ಸುಮಾರು 41 ಕಿಲೋ ತೂಕದ ಮೂಟೆಗಳನ್ನು, ಒಂದಲ್ಲ ಎರಡು, ಹಣೆಗೆ ಪಟ್ಟಿ ಕಟ್ಟಿಕೊಂಡು ಹೊರುತ್ತಿದ್ದರಂತೆ. ಯಾಕೆಂದರೆ ಯೂರೋಪಿನ ದೊಡ್ಡ ಮನುಷ್ಯರಿಗೆ ಬೀವರ್ ತುಪ್ಪಳದ ಟೋಪಿ ಬೇಕಿತ್ತು. ಚರಿತ್ರೆಯಲ್ಲಿ ಎಷ್ಟೋ ಸಂಗತಿಗಳ ಬುಡ ಕೆದಕಿದರೆ ಕೆಳಗೊಂದು ಟೋಪಿ ಸಿಗುತ್ತದೆ.

ನಮ್ಮ ದೋಣಿಗಳು ಕೆವ್ಲಾರಿನವು, ಒಂದೊಂದು ಇಪ್ಪತ್ತು ಕಿಲೋ ಆಸುಪಾಸು. ನಮ್ಮವರು ಅದನ್ನು ಕವುಚಿ ಹೆಗಲ ಮೇಲೆ ಏರಿಸಿಕೊಂಡರು. ಆಮೇಲೆ ನಮಗೆ ಕಂಡದ್ದು ಎರಡು ಕಾಲು ಮಾತ್ರ. ಒಳಗಿನಿಂದ "ದಾರಿ ಬಿಡಿ, ದಾರಿ ಬಿಡಿ" ಎಂಬ ಗುಂಯ್ ಎನ್ನುವ ಧ್ವನಿ. ಮೊದಲು ಈ ದೋಣಿಯನ್ನು ಬರ್ಚ್ ಮರದ ತೊಗಟೆಯಿಂದ ಮಾಡುತ್ತಿದ್ದರು. ಸೀಡರ್ ಮರದ ಪಕ್ಕೆಲುಬು, ಹೊಲಿಯಲು ಸ್ಪ್ರೂಸ್ ಮರದ ಬೇರು, ಸಂದಿಗೆ ಅದರದೇ ಅಂಟು. ಎಲ್ಲಿ ಒಡೆದರೂ ಪಕ್ಕದ ಕಾಡಿನಲ್ಲೇ ರಿಪೇರಿ ಸಾಮಾನು. ಹಿಮಾಲಯದ ಭೂರ್ಜದ ತೊಗಟೆಯ ಮೇಲೆ ನಮ್ಮವರು ಗ್ರಂಥ ಬರೆದರು, ಅದೇ ಕುಲದ ಮರದ ತೊಗಟೆಯಿಂದ ಇಲ್ಲಿಯವರು ದೋಣಿ ಹೊಲಿದರು. ಎರಡೂ ನೀರಿಗೆ ಹೆದರದ ವಸ್ತು ಎಂಬ ನಂಬಿಕೆಯ ಮೇಲೆ ನಡೆದ ಕೆಲಸ.

ಅತ್ತೆ ಅಡುಗೆ ಸಾಮಾನಿನ ಒಂದು ಚೀಲವನ್ನು ಸೊಂಟದ ಮೇಲಿಟ್ಟುಕೊಂಡು, ಸೀರೆಯ ನೆರಿಗೆ ಮೇಲೆತ್ತಿ ಸಿಕ್ಕಿಸಿ, ಸ್ಪೋರ್ಟ್ಸ್ ಬೂಟಿನಲ್ಲಿ ನಡೆದರು. ಎದುರಿನಿಂದ ಬಂದವರೆಲ್ಲ ಪಕ್ಕಕ್ಕೆ ಸರಿದು ಅವರನ್ನು ಹೊಗಳಿದರು. ದೋಣಿ ಹೊತ್ತ ಅವರ ಮಗನನ್ನು ಯಾರೂ ಹೊಗಳಲಿಲ್ಲ. ಅತ್ತೆ ಎಲ್ಲರಿಗೂ "ಥ್ಯಾಂಕ್ಯೂ" ಎಂದು, ಒಬ್ಬ ಸುಸ್ತಾದ ಹುಡುಗನನ್ನು ಕಂಡು ತಡೆಯಲಾರದೆ ಎರಡು ಕೋಡುಬಳೆ ಕೈಗಿಟ್ಟರು.

ಜೋ ಲೇಕ್, ಟೀಪೀ ಲೇಕ್, ಅಂಕುಡೊಂಕಾದ ಒಂದು ಪುಟ್ಟ ಹೊಳೆ, ಮತ್ತೊಂದು ಕೆರೆ. ಹೊಳೆಯ ಎರಡೂ ಕಡೆ ಜೌಗು, ಬಿಳಿ ನೈದಿಲೆಯ ಎಲೆ, ಬೀವರ್‌ಗಳು ಕಡ್ಡಿ ಪೇರಿಸಿ ಕಟ್ಟಿದ ಗುಡ್ಡೆಮನೆ. ಅಲ್ಲಿಗೆ ಬರುವಷ್ಟರಲ್ಲಿ ನಮ್ಮವರ ದೋಣಿ ನೆಟ್ಟಗೆ ಹೋಗುತ್ತಿತ್ತು, ಅಕ್ಕಪಕ್ಕಕ್ಕೆ ಹೋಗಲು ಅಲ್ಲಿ ಜಾಗವೇ ಇರಲಿಲ್ಲ. ಮೊದಲು ಕಂಡ ಬಿಡಾರಗಳೆಲ್ಲ ಭರ್ತಿ. ದೂರದ ಮೂಲೆಯಲ್ಲೊಂದು ಕಿತ್ತಲೆ ಫಲಕದ ಹತ್ತಿರ ಡೇರೆ ಕಾಣದಿದ್ದಾಗ ಎಲ್ಲರ ಹುಟ್ಟಿಗೂ ಒಮ್ಮೆಗೇ ಜೀವ ಬಂತು. ನೀರಿಗೆ ಇಳಿಜಾರಾದ ಬಂಡೆ, ಮೂರು ಪೈನ್ ಮರ, ಕಲ್ಲು ಜೋಡಿಸಿದ ಒಲೆ. ಬಂಡೆಯ ಸಂದಿಯಲ್ಲಿ ಬ್ಲೂಬೆರಿ ಗಿಡ.

ಬಿಡಾರದ ಹಿಂದೆ ಒಂದು ಕಾಲುದಾರಿ ಕಾಡೊಳಗೆ ಹೋಗುತ್ತದೆ. ಅದರ ಕೊನೆಗೆ ಪಾಯಿಖಾನೆ: ನೆಲದ ಗುಂಡಿಯ ಮೇಲೆ ಮುಚ್ಚಳವಿರುವ ಒಂದು ಮರದ ಪೆಟ್ಟಿಗೆ. ಥಂಡರ್ ಬಾಕ್ಸ್ ಎನ್ನುತ್ತಾರೆ. ಪೆಟ್ಟಿಗೆ ಅಂದರೆ ಪೆಟ್ಟಿಗೆ ಮಾತ್ರ. ಗೋಡೆ ಇಲ್ಲ, ಬಾಗಿಲಿಲ್ಲ, ಸೂರಿಲ್ಲ. ಮಗಳು ಹೋಗಿ ನೋಡಿ ಬಂದು, ತಾನು ಮನೆಗೆ ಹೋಗುವವರೆಗೂ ಏನೂ ತಿನ್ನುವುದಿಲ್ಲವೆಂದು ಘೋಷಿಸಿದಳು. ಅತ್ತೆ ಹೋಗಿ ಬಂದು, "ಗಾಳಿ ಬೆಳಕು ಚೆನ್ನಾಗಿದೆ" ಎಂದರು. ಉಪ್ಪಿಟ್ಟಿನ ಘಮ ಎದ್ದ ಮೇಲೆ ಮಗಳ ಘೋಷಣೆ ಹಿಂದಕ್ಕೆ ಹೋಯಿತು.

ಇನ್ನು ಕರಡಿ. ಅಲ್ಲಿರುವುದು ಕಪ್ಪು ಕರಡಿ. ಮನುಷ್ಯರ ಮೇಲೆ ಬೀಳುವುದು ಅಪರೂಪ, ಮನುಷ್ಯರ ಊಟದ ಮೇಲೆ ಬೀಳುವುದು ಅಲ್ಲ. ಆದ್ದರಿಂದ ರಾತ್ರಿ ಉಣ್ಣುವ ಪದಾರ್ಥವನ್ನೆಲ್ಲ ಚೀಲದಲ್ಲಿ ಕಟ್ಟಿ ನೆಲದಿಂದ ನಾಲ್ಕು ಮೀಟರ್ ಎತ್ತರಕ್ಕೆ, ಕಾಂಡದಿಂದ ಎರಡು ಮೀಟರ್ ಆಚೆಗೆ, ಕೊಂಬೆಯಿಂದ ಇಳಿಬಿಡಬೇಕು. ಕೇಳಲು ಎಷ್ಟು ಸುಲಭ! ಅಂಥ ಕೊಂಬೆ ಬೇಕಲ್ಲ. ಪೈನ್ ಮರದ ಕೊಂಬೆಗಳು ಒಂದೋ ಕೈಗೆಟುಕುವಷ್ಟು ತಗ್ಗಿನಲ್ಲಿ ಒಣಗಿ ನಿಂತಿರುತ್ತವೆ, ಇಲ್ಲವೇ ಆಕಾಶದಲ್ಲಿರುತ್ತವೆ. ಕತ್ತಲಾಗುವ ಮುಂಚೆ ನಮ್ಮವರು ಮಗನ ಕಾಲುಚೀಲದೊಳಗೆ ಕಲ್ಲು ಹಾಕಿ, ಹಗ್ಗದ ತುದಿಗೆ ಕಟ್ಟಿ, ಗಿರಗಿರನೆ ತಿರುಗಿಸಿ ಎಸೆದರು. ಕಲ್ಲು ಹೋಯಿತು, ಹಗ್ಗ ಕಾಲಿಗೆ ಸುತ್ತಿಕೊಂಡಿತು. ಮತ್ತೆ ಎಸೆದರು, ಕೊಂಬೆ ದಾಟಿ ಹೋಗಿ ಇನ್ನೊಂದು ಕೊಂಬೆಗೆ ಎರಡು ಸುತ್ತು ಸುತ್ತಿ ನಿಂತಿತು. ಎಳೆದರೆ ಬರಲೊಲ್ಲದು. ಅಲುಗಾಡಿಸಿದಾಗ ಕಲ್ಲು ಕಾಲುಚೀಲದಿಂದ ಜಾರಿ, ನಾವೆಲ್ಲ ತಲೆಯ ಮೇಲೆ ಕೈಯಿಟ್ಟು ಓಡಿದೆವು. ಕೊನೆಗೆ ಶಾಲೆಯಲ್ಲಿ ಸಾಫ್ಟ್‌ಬಾಲ್ ಆಡುವ ಮಗಳು ಮೊಬೈಲಿನ ಸಿಗ್ನಲ್ ಹುಡುಕುವುದನ್ನು ಬಿಟ್ಟು ಎದ್ದು ಬಂದಳು. ಹಗ್ಗದ ಸಿಕ್ಕು ಬಿಡಿಸಿ ನೆಲದ ಮೇಲೆ ಸಡಿಲವಾಗಿ ಹರಡಿದಳು. ತೋಳನ್ನು ಕೆಳಗಿಂದ ಮೇಲಕ್ಕೆ ಒಮ್ಮೆ ಬೀಸಿದಳು. ಕಲ್ಲು ಸರಿಯಾದ ಕೊಂಬೆಯ ಸರಿಯಾದ ಜಾಗದ ಮೇಲಿಂದ ಮೆತ್ತಗೆ ಇಳಿದು ಬಂತು. ಅವಳು ಮತ್ತೆ ಹೋಗಿ ಬಂಡೆಯ ಮೇಲೆ ಕೂತಳು. ಅಪ್ಪ ಏನೂ ಹೇಳಲಿಲ್ಲ.

ಎಲ್ಲರೂ ಸೇರಿ ಚೀಲ ಎಳೆದೆವು. ಚೀಲ ಮೇಲೆ ಹೋಯಿತು, ಕೊಂಬೆ ಕೆಳಗೆ ಬಂತು. ಕಡೆಗೆ ಇಬ್ಬರೂ ಎದೆಯ ಎತ್ತರದಲ್ಲಿ ಭೇಟಿಯಾದರು. "ಕರಡಿಗೆ ಬಡಿಸಿಟ್ಟ ಹಾಗಿದೆ ಕಣೋ" ಎಂದರು ಅತ್ತೆ. ತೂಕ ಇಳಿಸುವುದು ಅನಿವಾರ್ಯವಾಯಿತು. ಚೀಲ ಇಳಿಸಿ, ಬಿಚ್ಚಿ, ಎಲ್ಲರೂ ಸುತ್ತ ಕೂತು ಕೋಡುಬಳೆ, ಗೊಜ್ಜವಲಕ್ಕಿ ತಿಂದು ಸಾಧ್ಯವಾದಷ್ಟು ಹಗುರ ಮಾಡಿದೆವು. ಉಳಿದದ್ದನ್ನು ಎರಡು ಚೀಲ ಮಾಡಿ ಇನ್ನೊಂದು ಕೊಂಬೆಗೂ ಪಾಲು ಕೊಟ್ಟೆವು.

ಅಷ್ಟರಲ್ಲಿ ಮಗ ಮತ್ತೆ ಸೂಚನೆಯ ಹಾಳೆ ತೆಗೆದ. ಬರೀ ತಿಂಡಿಯಲ್ಲ, ವಾಸನೆ ಬರುವುದೆಲ್ಲ ಮೇಲೆ ಹೋಗಬೇಕು. ಟೂತ್‌ಪೇಸ್ಟ್ ಹೋಯಿತು. ಸೋಪು, ಮುಖಕ್ಕೆ ಹಚ್ಚುವ ಕ್ರೀಮು ಹೋಯಿತು. ಅತ್ತೆಯ ಕೈಚೀಲದಿಂದ ಊದುಬತ್ತಿ, ಕರ್ಪೂರ, ಅಮೃತಾಂಜನ, ಏಲಕ್ಕಿ ಡಬ್ಬಿ ಒಂದೊಂದಾಗಿ ಹೊರಬಂದವು. ಅವರು ಮರುಮಾತಿಲ್ಲದೆ ಕೊಟ್ಟರು. ಕಡೆಯದಾಗಿ ಕೊಬ್ಬರಿಎಣ್ಣೆ ಬಾಟಲಿ. ಅದನ್ನು ಈಸಿಕೊಂಡ ಮಗ ಅಜ್ಜಿಯ ತಲೆಯ ಕಡೆ ನೋಡುತ್ತಾ ನಿಂತ. ಸಂಜೆಯಷ್ಟೇ ಎಣ್ಣೆ ಹಾಕಿ ಬಾಚಿ ಗಂಟು ಹಾಕಿದ ತಲೆ, ಒಲೆಯ ಬೆಳಕಿಗೆ ಮಿರಮಿರ ಮಿಂಚುತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ.

"ಏನು? ನನ್ನನ್ನೂ ಕಟ್ಟಿ ಮೇಲೆ ನೇತುಹಾಕ್ತೀರೇನು?" ಎಂದರು ಅತ್ತೆ.

ಕರಡಿಗೆ ಕೊಬ್ಬರಿಎಣ್ಣೆ ಇಷ್ಟವೋ ಇಲ್ಲವೋ ಎಂದು ಪಾರ್ಕಿನವರ ಹಾಳೆಯಲ್ಲಿ ಇರಲಿಲ್ಲ. ಅತ್ತೆ ತಾವೇ ತೀರ್ಪು ಕೊಟ್ಟರು: ತಲೆಗೆ ಬಟ್ಟೆ ಬಿಗಿದು ಕಟ್ಟಿಕೊಂಡರು, ಅಡುಗೆ ಮಾಡಿದ ಸೀರೆ ಕಳಚಿ ಒಗೆದ ಸೀರೆ ಉಟ್ಟರು, ಕಳಚಿದ್ದನ್ನು ಡೇರೆಯಿಂದ ದೂರ ಹಾಕಿದರು, ಕೈಕಾಲು ತೊಳೆದು ಒಳಗೆ ಬಂದರು. ಇಷ್ಟಕ್ಕೂ ಅವರಿಗೆ ಹಿಡಿದದ್ದು ಐದು ನಿಮಿಷ, ಕತ್ತಲಲ್ಲಿ, ಸುಲಲಿತವಾಗಿ. ನಾವು ನಾಲ್ವರೂ ಟಾರ್ಚ್ ಹಾಕಿಕೊಂಡು, ಯಾವ ಅಂಗಿ ಅಡುಗೆಯದು ಯಾವುದು ಮಲಗುವುದು ಎಂದು ಒಬ್ಬರ ಮೇಲೊಬ್ಬರು ಬಿದ್ದು ಹುಡುಕಾಡುತ್ತಿದ್ದೆವು. ಅವರು ಈ ಶಿಸ್ತನ್ನು ಕಲಿಯುವಾಗ ಯಾರ ಬೈಗುಳ ಕೇಳಿಸಿಕೊಂಡಿದ್ದರೋ, ಆ ವಯಸ್ಸಿನಲ್ಲಿ ಎಷ್ಟು ರಾತ್ರಿ ಅತ್ತಿದ್ದರೋ ಎಂದು ನನಗೆ ಮೊದಲ ಬಾರಿಗೆ ಅನ್ನಿಸಿತು. ಕೇಳಿದರೆ, "ಅತ್ತು ಕೂತರೆ ಒಲೆ ಯಾರು ಹಚ್ತಿದ್ರು? ಮಲಕ್ಕೋ" ಎಂದರು.

ಮಲಗುವುದು ಅಷ್ಟು ಸುಲಭವಿರಲಿಲ್ಲ. ನಡುರಾತ್ರಿ ಕೆರೆಯ ಮಧ್ಯದಿಂದ ಉದ್ದನೆಯ ಒಂದು ಕೂಗು ಎದ್ದಿತು. ಅತ್ತೆ ದಿಗ್ಗನೆ ಕೂತು, "ಯಾರೋ ಅಳ್ತಿದಾರೆ. ಆ ಚಿತ್ರದವನೇ ಇರ್ಬೇಕು" ಎಂದರು. ಲೂನ್ ಹಕ್ಕಿ ಎಂದೆ. ಜೊತೆಗಾರ ಎಲ್ಲಿದ್ದಾನೆಂದು ಕೇಳುವ ಕೂಗು ಇದು. ಗಾಬರಿಯಾದಾಗ ನಗುವಂತೆ ಕೇಳಿಸುವ ಇನ್ನೊಂದು ಕೂಗೂ ಅದಕ್ಕಿದೆ. ದೂರದ ಮತ್ತೊಂದು ಕೆರೆಯಿಂದ ಉತ್ತರ ಬಂತು. "ಅಷ್ಟೇನಾ, ಸಂಸಾರದ ಗಲಾಟೆ" ಎಂದು ಅತ್ತೆ ಮಲಗಿದರು. ಪಕ್ಕದ ಡೇರೆಯಿಂದ ನಮ್ಮವರ ಗೊರಕೆ ಕೇಳುತ್ತಿತ್ತು. ಕರಡಿಗೆ ಅದು ಕೇಳಿಸಿದ್ದರೆ ಬೇರೊಂದು ಕರಡಿಯ ಎಲ್ಲೆಯೆಂದು ತಿಳಿದು ತಿರುಗಿ ಹೋಗಿರಬೇಕು.

ಆಮೇಲಿನ ದಿನಗಳಲ್ಲಿ ಹೇಳುವಂಥದ್ದು ಹೆಚ್ಚೇನೂ ನಡೆಯಲಿಲ್ಲ, ಅದೇ ಅದರ ಚೆಂದ. ಬೆಳಿಗ್ಗೆ ಗಾಳಿ ಏಳುವ ಮುಂಚೆ ಕೆರೆ ಸುತ್ತಿ ಬರುವುದು, ಮಧ್ಯಾಹ್ನ ಬಂಡೆಯ ಮೇಲೆ ಬಿದ್ದುಕೊಳ್ಳುವುದು. ಕೆರೆಯ ನೀರನ್ನು ಫಿಲ್ಟರ್ ಚೀಲದಲ್ಲಿ ಶೋಧಿಸಬೇಕು, ಇಲ್ಲದಿದ್ದರೆ ಬೀವರ್ ಜ್ವರ ಎಂಬ ಹೊಟ್ಟೆನೋವು ಬರಬಹುದೆಂದು ಮಗಳು ಎಚ್ಚರಿಸಿದಳು. ಅತ್ತೆಗೆ ಫಿಲ್ಟರಿನ ಮೇಲೆ ನಂಬಿಕೆಯಿಲ್ಲ, ಶೋಧಿಸಿದ್ದನ್ನೂ ಕುದಿಸಿದರು. ಒಂದು ಮಧ್ಯಾಹ್ನ ಮಳೆ ಹಿಡಿದು, ಟಾರ್ಪಾಲಿನ ಕೆಳಗೆ ಐವರೂ ಒತ್ತಿಕೊಂಡು ಕೂತು ಇಸ್ಪೀಟಾಡಿದೆವು. ಕೆಲಸವಿಲ್ಲದ ಮೊಬೈಲುಗಳು ಚೀಲದ ತಳದಲ್ಲಿದ್ದವು. ಮಗ ಅಜ್ಜಿಗೆ ಹುಟ್ಟು ಹಾಕುವುದನ್ನು ಕಲಿಸಿದ. ಅವರು ನಾಲ್ಕು ಸಲ ಎಳೆದು, "ಮಜ್ಜಿಗೆ ಕಡೆದ ಕೈ ಇದು, ಇದೇನು ಮಹಾ" ಎಂದು ಮುಂದೆ ಕೂತು ನಿಜಕ್ಕೂ ಬಲ ಹಾಕಿದರು. ಬರುವಾಗಿನ ಪೋರ್ಟೇಜಿನಲ್ಲಿ ಚೀಲಗಳು ಹಗುರವಾಗಿದ್ದವು. ಉಪ್ಪಿನಕಾಯಿ ಮಾತ್ರ ಅರ್ಧಕ್ಕರ್ಧ ಉಳಿದಿತ್ತು. ಅದನ್ನು ಮಗಳು ತಾನೇ ಹೊತ್ತಳು.

ಕರಡಿ ಬರಲಿಲ್ಲ. ನಮ್ಮ ಮಡಿಗೆ ಮೆಚ್ಚಿ ದೂರ ಉಳಿಯಿತೋ, ಹಿಂಗಿನ ವಾಸನೆಗೆ ಹೇಸಿತೋ, ಅತ್ತಕಡೆ ಬ್ಲೂಬೆರಿ ಚೆನ್ನಾಗಿತ್ತೋ ತಿಳಿಯದು. ಒಂದು ಕಾಲಿನ ಗುರುತು ಕೂಡ ಕಾಣಲಿಲ್ಲ.

ಸೆಪ್ಟೆಂಬರಿನಲ್ಲಿ ಕನ್ನಡ ಸಂಘದ ಗಣೇಶನ ಹಬ್ಬ. ಊಟದ ಸಾಲಿನಲ್ಲಿ ನಿಂತಿದ್ದಾಗ ಅತ್ತೆಯ ಸುತ್ತ ಹೆಂಗಸರ ಒಂದು ಗುಂಪು ಕಂಡಿತು. ಅತ್ತೆ ಕೈಯೆತ್ತಿ ಮರದ ಎತ್ತರ ತೋರಿಸುತ್ತಿದ್ದರು. ನೇತುಹಾಕಿದ ಚೀಲದ ಕೆಳಗೆ ನಡುರಾತ್ರಿ ಬಂದು ನಿಂತ ಕರಡಿ ಮೇಲೆ ನೋಡಿತಂತೆ, ಡೇರೆಯ ಕಡೆ ನೋಡಿತಂತೆ, ಅತ್ತೆ ಒಳಗಿಂದಲೇ ರಾಮರಕ್ಷಾ ಸ್ತೋತ್ರ ಶುರುಮಾಡಿದರಂತೆ. ನಮ್ಮವರು ತಟ್ಟೆ ಹಿಡಿದುಕೊಂಡೇ ಹೋಗಿ, "ಅಮ್ಮ, ಕರಡಿ ಎಲ್ಲಿ ಬಂದಿತ್ತು?" ಎಂದರು.

"ನಿನಗೇನು ಗೊತ್ತು, ನೀನು ಗೊರಕೆ ಹೊಡೀತಿದ್ದೆ" ಎಂದು ಅತ್ತೆ ಕತೆ ಮುಂದುವರಿಸಿದರು.

ದೀಪಾವಳಿಯ ಹೊತ್ತಿಗೆ ಹಾಸನಕ್ಕೆ ಫೋನು ಮಾಡಿ ತಂಗಿಗೆ ಹೇಳುತ್ತಿದ್ದಾಗ ಕೇಳಿಸಿಕೊಂಡೆ. ಈಗ ಆ ಕರಡಿಗೆ ಎರಡು ಮರಿಗಳಿವೆ.